ಬೀಳ್ಕೊಡುಗೆಗೆ ಹಾಕಿಕೊಂಡ ಲೆನ್ಸ್

ಕಣ್ಣೀರು ಸುಳ್ಳು ಹೇಳುವುದಿಲ್ಲವೆಂಬುದು ಮನುಷ್ಯಕುಲದ ಗಂಭೀರ ನಂಬಿಕೆಗಳಲ್ಲಿ ಒಂದು. ಹಾಗೆ ನಂಬಿದವರು ಯಾರೂ ಭತ್ತದ ರಾಶಿಯ ಕಾಲದಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಕಕ್ಕೇರಾದ ಸುತ್ತ ಓಡಾಡಿದವರಲ್ಲ. ನಾನು ಓಡಾಡಿದ್ದೇನೆ.

ನಲವತ್ತೆಂಟನೆಯ ವಯಸ್ಸಿನಲ್ಲಿ ಹಳ್ಳಿಯ ಮಾಸ್ತರನಿಗೆ ಲೆನ್ಸ್ ಯಾಕೆ ಎಂದು ನೀವು ಕೇಳುವುದು ನ್ಯಾಯವೇ. ಏಳು ವರ್ಷ ಅರ್ಜಿ ಹಾಕಿದ ಮೇಲೆ ನನಗೆ ಶಹಾಪುರಕ್ಕೆ ವರ್ಗವಾಗಿತ್ತು. ಅಲ್ಲಿ ಸ್ವಂತ ಮನೆ, ಹೆಂಡತಿ ಶಾಂತಾ, ಬಿಸಿ ರೊಟ್ಟಿ. ಇಲ್ಲಿ ಬಾಡಿಗೆ ಖೋಲಿ, ನಾನೇ ಸೀಯಿಸಿದ ಅನ್ನ. ನನ್ನ ಚಸ್ಮಾದ ಗಾಜು ಲೋಟದ ತಳದಷ್ಟು ದಪ್ಪ. ಮನೆಯ ಯಾವ ಫೋಟೋದಲ್ಲೂ ನನಗೆ ಕಣ್ಣುಗಳಿಲ್ಲ, ಎರಡು ಬಿಳಿ ಹೊಳಪುಗಳಿವೆ. "ಬೀಳ್ಕೊಡುಗಿ ಫೋಟೋದಾಗರ ಒಂದೀಟು ಮಾರಿ ಕಾಣೂಹಂಗ ನಿಂದರ್ರಿ" ಎಂದಳು ಶಾಂತಾ. ಯಾದಗಿರಿಯ ಕಣ್ಣಿನ ಡಾಕ್ಟರು ಲೆನ್ಸ್ ಕೊಟ್ಟು, "ಧೂಳಿನ್ಯಾಗ ಹಾಕ್ಕೋಬ್ಯಾಡ್ರಿ, ಕಣ್ಣು ಕೆಂಪಾದ್ರ ತಗದುಬಿಡ್ರಿ" ಎಂದರು. ನಾನು ಘನತೆಯಿಂದ ತಲೆಯಾಡಿಸಿದೆ. ಧೂಳಿಲ್ಲದ ಜಾಗ ಎಲ್ಲಿದೆಯೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಾಲುವೆ ಬರುವ ಮೊದಲು ಈ ಕಡೆ ಜೋಳ, ತೊಗರಿ ಎಂದು ಸೌಮ್ಯವಾಗಿ ಬದುಕುತ್ತಿದ್ದರು. ಈಗ ವರ್ಷಕ್ಕೆರಡು ಭತ್ತ. ಎರಡು ಸಲವೂ ಕೊಯ್ಲಿನ ಯಂತ್ರ ಬಂದು ಊರ ಮೇಲೆ ಹೊಟ್ಟಿನ ಮೋಡ ಎಬ್ಬಿಸುತ್ತದೆ. ನೀರಾವರಿಯ ಫಲ ಹೊಲಗಳಿಗಷ್ಟೇ ಅಲ್ಲ, ನನ್ನ ಕಣ್ಣಿಗೂ ತಲುಪಿತು.

ಬೀಳ್ಕೊಡುಗೆಯ ದಿನ ಶಾಲೆಯ ಪಕ್ಕದ ಹೊಲದಲ್ಲೇ ಯಂತ್ರ ಓಡುತ್ತಿತ್ತು. ಮೂಗಿನವರೆಗೆ ಚೆಂಡು ಹೂವಿನ ಹಾರ, ಹೆಗಲಿಗೆ ಶಾಲು, ಎರಡೂ ಕೈಯಲ್ಲಿ ತೆಂಗಿನಕಾಯಿ ಇಟ್ಟ ಹಣ್ಣಿನ ತಟ್ಟೆ. ಭಾಷಣಗಳು ಮುಗಿಯುವವರೆಗೆ ತಟ್ಟೆ ಕೆಳಗಿಡುವುದು ನಮ್ಮಲ್ಲಿ ಅವಮಾನ. ಕಣ್ಣು ಉರಿಯಿತು, ಕೆಂಪಾಯಿತು, ಕೊನೆಗೆ ಹರಿಯಿತು. ಒರೆಸಿಕೊಳ್ಳಲು ನನಗೆ ಮೂರನೆಯ ಕೈ ಇರಲಿಲ್ಲ.

ಶಾಲಾ ಸಮಿತಿಯ ಅಧ್ಯಕ್ಷ ಬಸವಂತಪ್ಪ ಮೈಕಿನಲ್ಲಿ ಕೂಗಿದರು: "ನೋಡ್ರಿ, ಮಾಸ್ತರ ಕಣ್ಣಾಗ ನೀರು! ಏಳು ವರ್ಷ ಇವ್ರು ನಕ್ಕದ್ದು ನೋಡಿಲ್ಲ, ಇವತ್ತ ಅಳಾಕತ್ತಾರ. ಇಷ್ಟು ಮಾಯಾ, ಮಮತಿ ಎಲ್ಲಿ ಇಟ್ಕೊಂಡಿದ್ರಿ ಮಾಸ್ತರ್ರ?"

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇದು ಲೆನ್ಸ್ ಎಂದು ಹೇಳಬಹುದಿತ್ತು. ಆದರೆ ಏಳು ವರ್ಷದಲ್ಲಿ ಈ ಊರು ನನ್ನನ್ನು ಮೆಚ್ಚಿದ್ದು ಅದೇ ಮೊದಲು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಸೋಮವಾರ ಊರಿನ ಹಿರಿಯರು ಒಂದು ಟೆಂಪೋ ತುಂಬ ಹೊರಟು ಸುರಪುರದ ಶಿಕ್ಷಣ ಕಚೇರಿಗೆ ಹೋದರು. ಮಾಸ್ತರಿಗೆ ಹೋಗಲು ಮನಸ್ಸಿಲ್ಲ, ವರ್ಗ ರದ್ದು ಮಾಡಬೇಕು ಎಂದು ಅರ್ಜಿ ಕೊಟ್ಟರು. ಸುದ್ದಿ ತಿಳಿದು ನಾನೂ ಬಸ್ಸು ಹತ್ತಿದೆ. ಚಸ್ಮಾ ಆಗಲೇ ಟ್ರಂಕಿನ ಜೊತೆ ಶಹಾಪುರ ಸೇರಿತ್ತಾದ್ದರಿಂದ ಕಣ್ಣಲ್ಲಿ ಅದೇ ಲೆನ್ಸ್. ಸಾಹೇಬರು ಕಪಾಟಿನಿಂದ ನನ್ನ ಫೈಲು ತೆಗೆದು ಮೇಜಿನ ಮೇಲೆ ಬಡಿದರು. ಸರ್ಕಾರದ ಎಷ್ಟೋ ವರ್ಷಗಳ ಧೂಳು ಎದ್ದು ನೇರವಾಗಿ ನನ್ನ ಬಳಿ ಬಂತು.

"ಸಾಹೇಬ್ರ, ನಾ ಅಳಾಕತ್ತಿಲ್ರಿ," ಎಂದೆ, ಧಾರಾಕಾರ ಅಳುತ್ತ. "ಕಣ್ಣಾಗ ಲೆನ್ಸ್ ಅದ. ನನಗ ಶಹಾಪುರಕ್ಕ ಹೋಗಬೇಕ್ರಿ."

"ಬಸವಂತಪ್ಪ ಮೊದಲೇ ಹೇಳ್ಯಾರ," ಎಂದರು ಅವರು, ತಮ್ಮ ಕರವಸ್ತ್ರ ಕೊಡುತ್ತ. "ಮಾಸ್ತರ ಸಂಕೋಚದ ಮನಷ್ಯಾ, ಏನರ ನೆವ ಹೇಳ್ತಾರ ಅಂತ. ಸಮಾಧಾನ ಮಾಡ್ಕೋರಿ. ನಿಮ್ಮನ್ನ ಯಾರೂ ಎಲ್ಲೀಗೂ ಕಳಸಂಗಿಲ್ಲ."

ಶಾಂತಾಗೆ ಫೋನಿನಲ್ಲಿ ವಿಷಯ ಹೇಳಿದೆ. "ನಾ ತವರಿಗಿ ಹೋದ್ರ ಒಂದ್ ಹನಿ ಬಂದಿಲ್ಲ ನಿಮಗ. ಆ ಊರಿಗಿ ಅತ್ರ್ಯಾ?" ಎಂದಳು.

ವರ್ಗ ರದ್ದಾಯಿತು. ಚಸ್ಮಾ ಬಸ್ಸಿನ ಕಂಡಕ್ಟರರ ಕೈಯಲ್ಲಿ ಬಂತು. ಶಾಲನ್ನು ಊರವರು ವಾಪಸು ಕೇಳಲಿಲ್ಲ.