ಬಿಚ್ಚಿ ನೋಡಿ ತಗೋರಿ

ನಾನು ಮೊದಲ ಸಲ ಮನೆ ಬಿಟ್ಟಿದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆಯ ದಿನ. ಆಮೇಲೆ ಏನೇನೋ ಕೆಲಸ ಮಾಡಿ, ಮೊಬೈಲು ಬಂದ ಕಾಲಕ್ಕೆ ಅದರ ರಿಪೇರಿ ಕಲಿತು, ಸಾಮಾನಿನ ಡಬ್ಬಿ ಹಿಡಿದು ಊರೂರು ತಿರುಗಿದೆ. ಎಲ್ಲಾದರೂ ಒಂದು ಕಡೆ ನಿಂತು ಮದುವೆ ಆಗಬೇಕು ಅನ್ನೋ ಆಸೆ ಇತ್ತು. ಅದೊಂದು ಆಗಲಿಲ್ಲ. ಇಂಥಾ ಪ್ರಸಂಗಗಳು ಮಾತ್ರ ಊರಿಗೊಂದು ತಪ್ಪದೆ ಆದವು. ಕೇಳಿದವರು ನಗುತ್ತಾರೆ, ನನಗೆ ಇನ್ನೂ ನಗು ಬಂದಿಲ್ಲ.

ಕೂಡ್ಲಿಗಿ

ಬಸ್‌ಸ್ಟ್ಯಾಂಡಿನ ಹತ್ತಿರ ಕೂತಿದ್ದೆ. ಒಬ್ಬ ಕಂಡಕ್ಟರು ಯಾವ ಮೊಬೈಲು ತಗೊಳ್ಳಲಿ ಅಂದ.

"ತೆಳ್ಳಗ ಮಿಂಚೋದು ಬ್ಯಾಡ್ರಿ. ಇಸ್ಕ್ರೂ ಕಾಣೋದು, ಬ್ಯಾಟ್ರಿ ಕೈಲೇ ತೆಗಿಯಾಕ ಬರೋದು ತಗೋರಿ. ವರ್ಷಗಟ್ಲೆ ಬರ್ತೈತಿ" ಅಂದೆ.

ತಗೊಂಡ. ಎಷ್ಟೋ ದಿನದ ಮೇಲೆ ಸಿಟ್ಟಿನಿಂದ ಬಂದ.

"ಕೆಟ್ಟಿತೇನ್ರಿ?"

"ಎಲ್ಲಿ ಕೆಡತೈತಿ! ಬಸ್ಸಿನಿಂದ ಬೀಳಿಸ್ದೆ, ಬಕೀಟಿನ್ಯಾಗ ಹಾಕ್ದೆ. ಇದು ಸಾಯೂತನಕ ಕ್ಯಾಮರಾದ್ದು ತಗೋಬ್ಯಾಡ ಅಂತಾಳ ನನ್ನ ಹೆಂಡ್ತಿ. ಇನ್ನ ನೀನ ಏನಾರ ಮಾಡಪಾ!"

ಹರಪನಹಳ್ಳಿ

ಆಯುಧಪೂಜೆ ಮುಗಿದ ಮೇಲೆ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಬಂದ. ಅವನು ಫೋನಿನಲ್ಲಿ ಆಡಿದ ಮಾತು ಯಾರಿಗೂ ಕೇಳಿಸುತ್ತಿಲ್ಲವಂತೆ. ಬಿಚ್ಚಿದರೆ ಮೈಕಿನ ತೂತಿನ ತುಂಬ ವಿಭೂತಿ, ಕುಂಕುಮ. ಟ್ರ್ಯಾಕ್ಟರಿನ ಜೊತೆ ಅದಕ್ಕೂ ಪೂಜೆ ಆಗಿತ್ತು. ಬ್ರಷ್ಷಿನಿಂದ ಜಾಡಿಸಿ, ಹೆಂಡತಿಗೇ ಫೋನ್ ಹಚ್ಚಿ ನೋಡು ಅಂದೆ.

"ಈಗ ಕೇಳತೈತೇನೇ?" ಅಂತ ಕೂಗಿದ.

ಆ ಕಡೆಯ ಮಾತು ನನಗೂ ಕೇಳಿಸಿತು: "ಪೂಜಿ ಮಾಡಿದ್ದಕ್ಕ ನಾಕು ದಿನ ನೆಮ್ಮದಿ ಇತ್ತು. ಯಾರು ಕೆಡಿಸಿದ್ರು ಅದನ್ನ?"

ಹೂವಿನಹಡಗಲಿ

ಇಲ್ಲೇ ನಿಲ್ಲೋಣ ಅನ್ನಿಸಿತು. ಎದುರಿಗೆ ಮಲ್ಲಿಗೆ ವ್ಯಾಪಾರದ ಒಬ್ಬ ಅವ್ವ, ಅವಳ ಮಗಳು. ಮೊಬೈಲು ಬಿಸಿ ಆಗತೈತಿ ಅಂತ ಅವ್ವ ಅದನ್ನೂ ಮೊಗ್ಗಿನ ಜೊತೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಬಿಚ್ಚಿ ಒಣಗಿಸಿದೆ. ಬಿಚ್ಚೋದನ್ನು ಅವ್ವನಿಗೂ ಕಲಿಸಿದೆ. ಹಳೇದು ಕೊಳ್ಳುವಾಗ ನಾಕು ಕೈ ದಾಟಿ ಬಂದದ್ದು ಮುಟ್ಟಬ್ಯಾಡ್ರಿ, ಅದು ನಿಲ್ಲಂಗಿಲ್ಲ ಅಂತಲೂ ಹೇಳಿದೆ. ಮಗಳು ಕೇಳುತ್ತಾ ನಗುತ್ತಿದ್ದಳು. ಒಂದು ದಿನ ಧೈರ್ಯ ಮಾಡಿ, ಮಗಳನ್ನ ಕೊಡ್ತೀರೇನ್ರಿ ಅಂತ ಅವ್ವನನ್ನು ಕೇಳಿಯೇಬಿಟ್ಟೆ.

"ಇಲ್ಲಿಗೆ ಬರೂಕಿಂತ ಮೊದ್ಲು ಯಾವೂರಾಗಿದ್ದಿ?"

"ಹರಪನಹಳ್ಳ್ಯಾಗ್ರಿ."

"ಅದಕ್ಕೂ ಮೊದ್ಲು?"

"ಕೊಟ್ಟೂರು. ಅದರ ಹಿಂದ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ..."

ಅವ್ವ ಬೆರಳು ಮಡಚಿದಳು. "ನಾಕು ಕೈ ದಾಟಿ ಬಂದೀಯಲ್ಲಪಾ. ಮುಟ್ಟಬ್ಯಾಡ್ರಿ ಅಂದಾವ ನೀನ ಅಲ್ಲೇನು?"

ಮಗಳು ಈ ಸಲ ನಗಲಿಲ್ಲ. ಅಷ್ಟೇ ನನಗೆ ಸಿಕ್ಕ ಸಮಾಧಾನ.

ಡಬ್ಬಿ ಕಟ್ಟತೊಡಗಿದೆ. ಅವ್ವ ಎದ್ದು ಹತ್ತಿರ ಬಂದಳು. ಮನಸ್ಸು ಬದಲಾಯಿತೇನೋ ಅಂತ ಕೈ ನಿಲ್ಲಿಸಿದೆ.

"ಹೋಗೂದಾದ್ರ ಹೋಗಪಾ. ಆ ಸಣ್ಣ ಇಸ್ಕ್ರೂಡ್ರೈವರ್ ಇಟ್ಟು ಹೋಗು. ಮೊಬೈಲು ಇನ್ನೂ ಬಾಳ ವರ್ಷ ಇರ್ತೈತಿ."