ಎಂಜಿನಪ್ಪನ ಕಂತು, ಗೋಡೆಯ ಕೋಟು

ನಾವು ಮೂವರು ಸೇರಿ ಬಾಯಿ ತೆಗೆದರೆ ಏನಾದರೊಂದು ಫಜೀತಿ ಆಗದೆ ಇರುವುದಿಲ್ಲ. ಬಳ್ಳಾರಿಯ ಸರ್ಕಾರಿ ಕಚೇರಿಯೊಂದರಲ್ಲಿ ಹಳೆ ಕಡತಗಳ ಧೂಳು ಕುಡಿಯುವ ಗುಮಾಸ್ತ ನಾನು. ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಕ್ಕೋರು ಒಬ್ಬರು. ಸಿರುಗುಪ್ಪದ ಅಕ್ಕಿ ಮಿಲ್ಲಿನ ಫಿಟ್ಟರಣ್ಣ ಇನ್ನೊಬ್ಬ. ಮೂವರಿಗೂ ನೆಂಟಸ್ತಿಕೆ ಇಲ್ಲ, ಒಂದೇ ಶಾಲೆಯಲ್ಲಿ ಓದಿದವರೂ ಅಲ್ಲ. ನಮ್ಮನ್ನು ಕಟ್ಟಿಹಾಕಿದ್ದು ಸಣ್ಣವರಿದ್ದಾಗ ಟೀವಿಯಲ್ಲಿ ಬರುತ್ತಿದ್ದ ಒಂದು ವಿದೇಶಿ ಧಾರಾವಾಹಿ. ನಕ್ಷತ್ರಗಳ ನಡುವೆ ತಿರುಗುವ ಒಂದು ನೌಕೆ, ಅದಕ್ಕೊಬ್ಬ ಕ್ಯಾಪ್ಟನ್, ವಾರಕ್ಕೊಂದು ಗ್ರಹ.

ಅದರಲ್ಲಿ ಒಂದು ಕಂತು ಮಾತ್ರ ಬೇರೆ ಥರ. ಗ್ರಹವಿಲ್ಲ, ಯುದ್ಧವಿಲ್ಲ. ಉಳಿದ ಕಂತುಗಳಲ್ಲಿ ಎರಡು ಮಾತಾಡಿ ಮರೆಯಾಗುವ ಎಂಜಿನ್ ಕೋಣೆಯ ಮುದಿ ಮೆಕ್ಯಾನಿಕ್‌ನದೇ ಪೂರ್ತಿ ಕಥೆ. ನಾವು ಅವನಿಗೆ ಎಂಜಿನಪ್ಪ ಎಂದು ಹೆಸರಿಟ್ಟಿದ್ದೇವೆ. ಅವನ ಕಣ್ಣು ಮಂಜಾಗುತ್ತಿದೆ, ಆದರೆ ಕ್ಯಾಪ್ಟನ್‌ಗೆ ಹೇಳುವುದಿಲ್ಲ. ಹಿಡಿಕೆಗಳಿಗೆ ದಾರದ ಗಂಟು ಕಟ್ಟಿಕೊಂಡು ಕೈಯಿಂದಲೇ ಎಂಜಿನ್ ನಡೆಸುತ್ತಾನೆ. ಹೇಳದೆ ಮುಚ್ಚಿಟ್ಟದ್ದು ಸರಿಯೋ ತಪ್ಪೋ ಎಂದು ನಾವು ಎರಡು ವರ್ಷದಿಂದ ಕಚ್ಚಾಡುತ್ತಿದ್ದೇವೆ. ಫಿಟ್ಟರಣ್ಣ ಸರಿ ಎನ್ನುತ್ತಾನೆ. ನಾನೂ ಅಕ್ಕೋರೂ ತಪ್ಪು ಎನ್ನುತ್ತೇವೆ.

ಗುಟ್ಟು ಏನೆಂದರೆ, ಎರಡನೆಯ ವರ್ಷ ನಾವಿಬ್ಬರು ಎಂಜಿನಪ್ಪನ ಕಣ್ಣಿನ ಬಗ್ಗೆ ಮಾತಾಡುತ್ತಲೇ ಇರಲಿಲ್ಲ. ಫಿಟ್ಟರಣ್ಣನ ಕಣ್ಣಿಗೆ ಪೊರೆ ಬಂದಿತ್ತು. ಸಾಹುಕಾರರಿಗೆ ತಿಳಿದರೆ ಮಿಲ್ಲು ಬಿಡಿಸಿ ಮನೆಗೆ ಕಳಿಸುತ್ತಾರೆಂದು ಹೆದರಿ ಅವನು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ. ಬೆಲ್ಟು, ಚಕ್ರ ತಿರುಗುವ ಜಾಗ. ನಮಗೆ ಜೀವ ಕೈಯಲ್ಲಿ ಹಿಡಿದಂತಾಗಿತ್ತು.

೧. ಬಸ್ಸಿನ ತೀರ್ಪು

ಪ್ರತಿ ತಿಂಗಳು ಒಂದು ಭಾನುವಾರ ಅಕ್ಕೋರ ಮನೆಯಲ್ಲಿ ಕೂಟ. ಫಿಟ್ಟರಣ್ಣ ಸಿರುಗುಪ್ಪದಿಂದ ಬಳ್ಳಾರಿಗೆ ಬಂದರೆ ಅಲ್ಲಿಂದ ಇಬ್ಬರೂ ಕುರುಗೋಡಿನ ಬಸ್ಸು ಹತ್ತುತ್ತೇವೆ. ಬಳ್ಳಾರಿ ಸ್ಟ್ಯಾಂಡಿನಲ್ಲಿ ಬೋರ್ಡು ಓದದೆ ಅವನು ಬಸ್ಸಿನ ಎಂಜಿನ್ ಸದ್ದು ಕೇಳಿ ಇದು ಯಾವ ಡಿಪೋದ್ದು ಎಂದು ಹೇಳುತ್ತಿದ್ದ. ಮೊದಮೊದಲು ನಾನು ಅದನ್ನು ಜಾಣತನ ಎಂದೇ ತಿಳಿದಿದ್ದೆ.

ಅವನ ಕಣ್ಣಿನ ವಿಷಯ ನಮಗೆ ತಿಳಿದ ಮೇಲೆ ಒಂದು ದಿನ ಬಸ್ಸಿನಲ್ಲಿ ವಾದ ಏರಿತು. ಕಣ್ಣು ಕಾಣದವನು ಎಂಜಿನ್ ಮುಂದೆ ನಿಲ್ಲುವುದು ಜನರ ಜೀವದ ಜೊತೆ ಆಟ ಎಂದು ನಾನಂದೆ. ಮೂವತ್ತು ವರ್ಷದ ಕೈಗೆ ಕಣ್ಣು ಯಾಕೆ ಬೇಕು ಎಂದು ಅವನಂದ. ಮುಂದಿನ ಸೀಟಿನಲ್ಲಿದ್ದ ಬಾದನಹಟ್ಟಿಯ ಅಜ್ಜಿ ಪೂರ್ತಿ ಹಿಂದಕ್ಕೆ ತಿರುಗಿ ಕೂತು, ಆ ಎಂಜಿನ್ನವನಿಗೆ ಹೆಂಡತಿ ಮಕ್ಕಳು ಇದ್ದಾರೋ ಇಲ್ಲವೋ ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಅಜ್ಜಿ ಲೊಚಗುಟ್ಟಿದಳು. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು, ನಮ್ಮಲ್ಲಿ ಹೀಗಾದರೆ ಡ್ರೈವರ್‌ನನ್ನು ಮೆಡಿಕಲ್ ಬೋರ್ಡಿಗೆ ಹಾಕುತ್ತಾರೆ ಎಂದು ಕಾನೂನು ಹೇಳಿದ. ಹಿಂದಿನ ಸೀಟಿನ ಒಬ್ಬರು ಅದಕ್ಕೆ ಒಪ್ಪಲಿಲ್ಲ, ಅಷ್ಟು ವರ್ಷ ದುಡಿದವನಿಗೆ ಕೂತು ಮಾಡುವ ಕೆಲಸ ಕೊಡಬೇಕು ಎಂದರು. ಅರ್ಧ ಬಸ್ಸು ಕಂಡಕ್ಟರ್ ಕಡೆ, ಅರ್ಧ ಬಸ್ಸು ಕೂತು ಮಾಡುವ ಕೆಲಸದ ಕಡೆ ಆಯಿತು.

ಫಿಟ್ಟರಣ್ಣನಿಗೆ ತಡೆಯಲಾಗಲಿಲ್ಲ. "ಕುರ್ಚಿ ಕೊಟ್ಟು ಕುಂದರ್ಸಿದ್ರ ಆತ ಉಳಿಯಂಗಿಲ್ರಿ. ಎಂಜಿನ್ ಮುಟ್ಟದಿದ್ರ ಆತಗ ಉಣ್ಣಾಕ ಸೇರಂಗಿಲ್ಲ," ಎಂದು ಧ್ವನಿ ನಡುಗಿಸಿಕೊಂಡು ಹೇಳಿದ. ಅವನು ಯಾರ ಬಗ್ಗೆ ಹೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು.

ಕೊನೆಗೆ ಕಂಡಕ್ಟರ್ ಆತ ಎಲ್ಲಿ ಕೆಲಸ ಮಾಡುತ್ತಾನೆ, ತಾನೇ ಹೋಗಿ ಮಾತಾಡುತ್ತೇನೆ ಎಂದ. ಸುಳ್ಳು ಹೇಳುವುದು ಬೇಡವೆಂದು ನಾನು, ಆಕಾಶದಲ್ಲಿ, ನಕ್ಷತ್ರಗಳ ಆಚೆ, ಊರಿಗೆ ಬರಬೇಕೆಂದರೆ ಏಳು ವರ್ಷ ಬೇಕು ಎಂದೆ. ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಜ್ಜಿ ಮಾತ್ರ ಸ್ವಲ್ಪವೂ ಗಲಿಬಿಲಿಯಾಗಲಿಲ್ಲ.

"ಅಷ್ಟು ದೂರ ಟ್ರಾನ್ಸ್‌ಫರ್ ಮಾಡ್ಯಾರಂದ್ರ, ಆತ ಯಾವನೋ ದೊಡ್ಡ ಸಾಹೇಬನ್ನ ಎದುರು ಹಾಕ್ಕೊಂಡಿರಬೇಕು ಬಿಡಪ್ಪಾ."

೨. ಕೋಟಿನ ವಾದ

ಆ ಕಂತಿನ ಕೊನೆಯ ದೃಶ್ಯದಲ್ಲಿ ಮಾತೇ ಇಲ್ಲ. ನೌಕೆಯ ದೀಪಗಳು ಆರಿ, ಕಣ್ಣಿದ್ದವರೆಲ್ಲ ತಡಕಾಡುವಾಗ ಎಂಜಿನಪ್ಪ ದಾರದ ಗಂಟು ಹಿಡಿದು ಎಲ್ಲರನ್ನೂ ಉಳಿಸುತ್ತಾನೆ. ಆಮೇಲೆ ಒಬ್ಬನೇ ಕೂತು, ಯಾರಿಗೂ ಗೊತ್ತಾಗಲಿಲ್ಲ ಎಂದು ಸಮಾಧಾನದಿಂದ ಕೈ ಒರೆಸಿಕೊಳ್ಳುತ್ತಾನೆ. ಅವನ ಬೆನ್ನ ಹಿಂದೆ, ಮಬ್ಬು ಬೆಳಕಿನಲ್ಲಿ, ಬಾಗಿಲ ಹತ್ತಿರ ಕ್ಯಾಪ್ಟನ್ ನಿಂತಿದ್ದಾನೆ. ಅವನಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು ಎಂದು ನೋಡುವವರಿಗೆ ಆಗ ತಿಳಿಯುತ್ತದೆ.

ಸಣ್ಣವನಿದ್ದಾಗ ಫಿಟ್ಟರಣ್ಣನ ಊರಲ್ಲಿ ಈ ದೃಶ್ಯಕ್ಕೆ ಸರಿಯಾಗಿ ಕರೆಂಟು ಹೋಗಿತ್ತಂತೆ. ಎರಡು ವರ್ಷದ ಹಿಂದೆ ಪೆನ್‌ಡ್ರೈವಿನಲ್ಲಿ ಆ ಕಂತು ಸಿಕ್ಕಾಗ ಅಕ್ಕೋರ ಮನೆಯಲ್ಲಿ ಮೊದಲ ಸಲ ನೋಡಿದ. ಅಕ್ಕೋರು ಕಣ್ಣು ಒರೆಸಿಕೊಳ್ಳುತ್ತಾ ಕ್ಯಾಪ್ಟನ್ ಎಂಥ ಮನುಷ್ಯ ಎಂದರು. ಯಾವ ಕ್ಯಾಪ್ಟನ್ ಎಂದ ಫಿಟ್ಟರಣ್ಣ. ಬಾಗಿಲಲ್ಲಿ ನಿಂತವನು ಎಂದೆವು. ಅವನು ಕಣ್ಣು ಕಿರಿದು ಮಾಡಿ ನೋಡಿ, ಅದು ಕ್ಯಾಪ್ಟನ್ ಅಲ್ಲ, ಗೂಟಕ್ಕೆ ತೂಗುಹಾಕಿದ ಕೋಟು ಎಂದುಬಿಟ್ಟ.

ಬೇರೆ ಯಾರೇ ಆಗಿದ್ದರೂ ಇವನಿಗೆ ಕಾಣುತ್ತಿಲ್ಲ ಎಂದು ಅಂದೇ ತಿಳಿಯುತ್ತಿದ್ದರು. ನಾವು ಅಭಿಮಾನಿಗಳು. ಇದೊಂದು ಹೊಸ ವ್ಯಾಖ್ಯಾನ ಎಂದುಕೊಂಡು ಒಂದು ವರ್ಷ ಗಂಭೀರವಾಗಿ ಚರ್ಚೆ ಮಾಡಿದೆವು. ನಾನಂತೂ ಇಂಟರ್ನೆಟ್ಟಿನ ಅಭಿಮಾನಿ ಬಳಗದಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ಬರೆದೇಬಿಟ್ಟೆ. ಎರಡೇ ದಿನದಲ್ಲಿ ಹೊರದೇಶದ ಒಬ್ಬ ಮಹಾನುಭಾವ ಮೂರು ಪುಟದ ಉತ್ತರ ಕಳಿಸಿದ. ಇಪ್ಪತ್ತು ಸಲ ನೋಡಿದ್ದರೂ ತನಗೆ ಇದು ಹೊಳೆದಿರಲಿಲ್ಲ, ಅದು ನಿಜಕ್ಕೂ ಕೋಟೇ, ಅಧಿಕಾರ ಎಂದರೆ ಒಳಗೆ ಮನುಷ್ಯನಿಲ್ಲದ ಬಟ್ಟೆ ಎಂಬುದು ನಿರ್ದೇಶಕನ ಒಳದನಿ ಎಂದು ವಿವರಿಸಿದ್ದ.

ನಾನು ಅದನ್ನು ಕನ್ನಡ ಮಾಡಿ ಓದಿ ಹೇಳಿದೆ. ಫಿಟ್ಟರಣ್ಣ ಎದೆ ಉಬ್ಬಿಸಿದ.

"ನೋಡ್ರಿ, ಸಮುದ್ರದ ಆ ಕಡಿ ಕುಂತವಗ ಕಾಣತೈತಿ. ಟೀವಿ ಮುಂದ ಕುಂತ ನಿಮಗ ಕಾಣವಲ್ದು."

೩. ಸೋಮವಾರದ ಊಟ

ಆಮೇಲೆ ಅವನು ಅಕ್ಕೋರ ಮನೆಯ ತುಳಸಿಕಟ್ಟೆಗೆ ಎರಡು ಸಲ ಎಡವಿದ, ಉಪ್ಪಿಟ್ಟಿಗೆ ಚಮಚ ಹಾಕುವ ಬದಲು ತಟ್ಟೆಯ ಪಕ್ಕದ ಪುಸ್ತಕಕ್ಕೆ ಹಾಕಿದ. ಆಗ ನಮಗೆ ಬುದ್ಧಿ ಬಂತು. ಕೇಳಿದರೆ ಮಾತು ಹಾರಿಸಿಬಿಡುತ್ತಿದ್ದ. ಮಿಲ್ಲಲ್ಲಿ ತೊಂದರೆ ಆಗುವುದಿಲ್ಲವೇ ಎಂದರೆ ಸಾಹುಕಾರರ ಗುಣಗಾನ ಶುರು ಮಾಡುತ್ತಿದ್ದ. ಈ ಸಲ ಆಯುಧ ಪೂಜೆಗೆ ಅವರಿಗೆ ಬಣ್ಣದ ಹುಚ್ಚು ಹಿಡಿದು ಮೆಟ್ಟಿಲಿಗೆಲ್ಲ ಬಿಳಿ ಪಟ್ಟೆ ಹೊಡೆಸಿದ್ದಾರೆ, ಸ್ವಿಚ್ಚುಗಳ ಮೇಲೆ ಅಂಗೈ ಅಗಲ ನಂಬರು ಬರೆಸಿದ್ದಾರೆ ಎಂದು ನಗುತ್ತಿದ್ದ. ಎಲ್ಲಿ ಹೋದರೂ ಒಬ್ಬ ಹಮಾಲ ಕಾರಣವಿಲ್ಲದೆ ಬೆನ್ನಿಗೇ ಬರುತ್ತಾನೆ ಎಂದು ಗೊಣಗುತ್ತಿದ್ದ.

ಅಕ್ಕೋರು ಶಾಲೆಯಿಂದ ಕಣ್ಣು ಪರೀಕ್ಷೆಯ ಚಾರ್ಟು ತಂದು ಗೋಡೆಗೆ ಹಾಕಿದರು. ಊಟವಾದ ಮೇಲೆ ಮೂವರೂ ಪರೀಕ್ಷೆ ಮಾಡಿಸಿಕೊಳ್ಳೋಣ ಎಂದರು. ಫಿಟ್ಟರಣ್ಣ ತಕ್ಷಣ ಎದ್ದು, ಈ ಮೊಳೆ ಸಡಿಲವಾಗಿದೆ ಎಂದು ಚಾರ್ಟಿಗೆ ಮೂಗು ತಾಗಿಸಿಕೊಂಡು ಹತ್ತು ನಿಮಿಷ ಮೊಳೆ ರಿಪೇರಿ ಮಾಡಿದ. ಒಂದು ಮೊಳೆಗೆ ಹತ್ತು ನಿಮಿಷ ಹಿಡಿಯುವ ಫಿಟ್ಟರ್ ಅವನಲ್ಲ. ಅವನ ತುಟಿ ಅಲ್ಲಾಡುತ್ತಿದ್ದುದನ್ನು ನಾನೂ ನೋಡಿದೆ, ಅಕ್ಕೋರೂ ನೋಡಿದರು. ಆ ಕಂತಿನಲ್ಲಿ ಎಂಜಿನಪ್ಪ ನೌಕೆಯ ಡಾಕ್ಟರಿಗೆ ಮೋಸ ಮಾಡಿದ್ದೂ ಹೀಗೆಯೇ, ಚಾರ್ಟು ಬಾಯಿಪಾಠ ಮಾಡಿ.

ಊಟವಾಗಿ ಅವನು ಹಿತ್ತಲಿಗೆ ಕೈ ತೊಳೆಯಲು ಹೋದಾಗ ಅಕ್ಕೋರು ಚಾರ್ಟು ಇಳಿಸಿ, ಅದೇ ಅಳತೆಯ ಇನ್ನೊಂದು ಹಾಳೆ ತೂಗುಹಾಕಿದರು. ಅವನು ಬಂದು ಹತ್ತು ಅಡಿ ದೂರ ನಿಂತು, ಒಂದು ಕಣ್ಣು ಮುಚ್ಚಿಕೊಂಡು, ದೊಡ್ಡ ಅಕ್ಷರದಿಂದ ಕೊನೆಯ ಸಣ್ಣ ಸಾಲಿನವರೆಗೆ ಒಂದೂ ತಪ್ಪದೆ ಗಡಗಡ ಹೇಳಿದ. ಹೇಳಿ ಮುಗಿಸಿ ಮೀಸೆ ತಿರುವಿದ.

ಅಕ್ಕೋರು ನಗಲಿಲ್ಲ. "ಅಣ್ಣಾ, ಅದು ನಮ್ಮ ಸಾಲಿ ಬಿಸಿಯೂಟದ ಪಟ್ಟಿ. ಸೋಮವಾರ ಅನ್ನ ಸಾರು ಅಂತ ಐತಿ. ನೀ ಹೇಳಿದ್ದನ್ನ ಹುಡುಗ್ರಿಗೆ ಯಾವ ವಾರ ಬಡಸ್ಲಿ?"

೪. ಏಳು ವರ್ಷದ ದಾರಿ, ಎರಡು ತಾಸಿನ ದಾರಿ

ಅವತ್ತು ಅವನು ಕುಸಿದು ಕೂತ. ಕತ್ತರಿಯ ಹೆದರಿಕೆ ಇಲ್ಲ, ಮಿಲ್ಲು ತಪ್ಪುವ ಹೆದರಿಕೆ ಎಂದು ಬಾಯಿಬಿಟ್ಟ. ಕಣ್ಣಿನ ಆಪರೇಷನ್ ಎಂದರೆ ಸಾಹುಕಾರರು ಇವನು ಮುದುಕನಾದ ಎಂದು ತೀರ್ಮಾನಿಸುತ್ತಾರೆ, ಗೇಟಿನ ಹತ್ತಿರ ಸ್ಟೂಲು ಹಾಕಿ ಕೂರಿಸುತ್ತಾರೆ ಎಂದ. ಎಂಜಿನಪ್ಪ ಮಾತ್ರ ಕೊನೆವರೆಗೂ ಎಂಜಿನ್ ಬಿಡಲಿಲ್ಲವಲ್ಲ ಎಂದು ಕೇಳಿದ.

ಅಕ್ಕೋರು ಅವನ ಮುಂದೆ ಕೂತರು. ಆ ಮನುಷ್ಯ ನಕ್ಷತ್ರ ಮುಟ್ಟಿದರೂ ಅವನ ಕಥೆ ಬರೆದವರು ನೌಕೆಯಲ್ಲಿ ಒಂದು ಕಣ್ಣಿನ ಆಸ್ಪತ್ರೆ ಇಡುವುದನ್ನು ಮರೆತರು, ಊರಿಗೆ ಬರಲು ಅವನಿಗೆ ಏಳು ವರ್ಷ ಬೇಕಿತ್ತು, ನಿನಗೆ ಬಳ್ಳಾರಿ ಎರಡು ತಾಸು ಕೂಡ ಇಲ್ಲ ಎಂದರು. ಅವನು ಸಾಹುಕಾರರಿಗೆ ಗೊತ್ತಾಗಬಾರದು ಎಂಬ ಷರತ್ತಿನ ಮೇಲೆ ಒಪ್ಪಿದ. ತಂಗಿಯ ಮನೆಯಲ್ಲಿ ಕೆಲಸವಿದೆ ಎಂದು ರಜಾ ಕೇಳಿದನಂತೆ. ಏನಂದರು ಎಂದು ನಾನು ಕೇಳಿದೆ.

"ಏನೂ ಅನ್ನಲಿಲ್ರಿ. ನಮ್ಮ ಸಾಹುಕಾರ್ರು ರಜಾ ಕೇಳಿದ್ರ ಎಂದೂ ಇಲ್ಲ ಅನ್ನಂಗಿಲ್ಲ. ಸುಮ್ನ ಕುಂತಿರ್ತಾರ. ಸುಮ್ನ ಕುಂತ್ರಂದ್ರ ಒಪ್ಪಿಗಿ ಅಂತ."

ಒಂದರ ಹಿಂದೆ ಒಂದು, ಎರಡೂ ಕಣ್ಣಿನ ಆಪರೇಷನ್‌ಗಳು ಬಳ್ಳಾರಿಯಲ್ಲಿ ಮುಗಿದವು. ಕಪ್ಪು ಕನ್ನಡಕ ತೆಗೆದ ದಿನ ನನ್ನ ಮನೆಯಲ್ಲೇ ಇದ್ದ. ನನ್ನನ್ನು ಬಹಳ ಹೊತ್ತು ನೋಡಿದ. ಕಣ್ಣಲ್ಲಿ ನೀರು ಬರುತ್ತದೆ, ಏನಾದರೂ ಒಳ್ಳೆಯ ಮಾತು ಹೇಳುತ್ತಾನೆ ಎಂದು ನಾನು ಕಾದೆ.

"ಸಾರ್, ಮೀಸಿ ಯಾವಾಗ ತೆಗಿಸಿದ್ರಿ?" ಎಂದ. ತೆಗೆಸಿ ಒಂದೂವರೆ ವರ್ಷವಾಗಿತ್ತು.

೫. ಗೂಟದ ಮೇಲಿನ ಸಾಹುಕಾರರು

ಡಾಕ್ಟರು ಟೀವಿ ನೋಡಬಹುದು ಎಂದ ಮೊದಲ ಭಾನುವಾರವೇ ಕುರುಗೋಡಿಗೆ ಹೋಗಿ ಆ ಕಂತು ಹಾಕಿದೆವು. ಫಿಟ್ಟರಣ್ಣ ಗೋಡೆಗೆ ಒರಗಿ ದೂರ ಕೂತ. ಕೊನೆಯ ದೃಶ್ಯ ಬಂತು. ಎಂಜಿನಪ್ಪ ಕೈ ಒರೆಸಿಕೊಂಡ. ನಾವಿಬ್ಬರು ಟೀವಿ ನೋಡದೆ ಇವನ ಮುಖವನ್ನೇ ನೋಡುತ್ತಿದ್ದೆವು.

"ಅಕ್ಕೋರೆ," ಎಂದ ಮೆಲ್ಲಗೆ. "ಕೋಟಿಗೆ ಮುಖ ಐತಿ."

ಅಕ್ಕೋರು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನು ಮಾತ್ರ ನಗಲಿಲ್ಲ. ಕ್ಯಾಪ್ಟನ್‌ಗೆ ಮೊದಲಿನಿಂದಲೂ ಗೊತ್ತಿತ್ತೇ ಎಂದು ಕೇಳಿದ. ಹೂಂ ಎಂದೆ. ಗೊತ್ತಿದ್ದೂ ತೆಗೆದುಹಾಕಲಿಲ್ಲವೇ ಎಂದ. ಇಲ್ಲ ಎಂದೆ. ಹಾಗಾದರೆ ನಾನು ಮುಚ್ಚಿಟ್ಟದ್ದೇ ತಪ್ಪು, ನಾಳೆ ಹೋಗಿ ಸಾಹುಕಾರರಿಗೆ ಹೇಳಿಬಿಡುತ್ತೇನೆ, ಧೈರ್ಯಕ್ಕೆ ನೀವೂ ಬರ್ರಿ ಎಂದ.

ಮರುದಿನ ಕಚೇರಿಗೆ ರಜಾ ಹಾಕಿ ಸಿರುಗುಪ್ಪಕ್ಕೆ ಹೋದೆ. ಮಿಲ್ಲಿನ ಒಳಗೆ ಕಾಲಿಟ್ಟ ಕೂಡಲೇ ಫಿಟ್ಟರಣ್ಣ ನಿಂತುಬಿಟ್ಟ. ಮೆಟ್ಟಿಲಿನ ಬಿಳಿ ಪಟ್ಟೆ ನೋಡಿದ. ಸ್ವಿಚ್ಚಿನ ಮೇಲಿನ ಅಂಗೈ ಅಗಲದ ನಂಬರು ನೋಡಿದ. ಬೆನ್ನ ಹಿಂದೆ ಆಗಲೇ ಬಂದು ನಿಂತಿದ್ದ ಹಮಾಲನನ್ನು ನೋಡಿದ. ಆಯುಧ ಪೂಜೆಗೆ ಇಷ್ಟೆಲ್ಲ ಬಣ್ಣ ಯಾರೂ ಹೊಡೆಸುವುದಿಲ್ಲ ಎಂದು ಅವನಿಗೆ ಈಗ ಹೊಳೆಯಿತು.

ಸಾಹುಕಾರರು ತೂಕದ ಕಾಟಾದ ಪಕ್ಕ, ಅಕ್ಕಿ ಚೀಲಗಳ ಮೇಲೆ, ಬನಿಯನ್ನಿನಲ್ಲಿ ಕೂತಿದ್ದರು. ಸಿರುಗುಪ್ಪದ ಸೆಕೆಗೆ ಮಿಲ್ಲಿಗೆ ಬಂದ ತಕ್ಷಣ ಬಿಳಿ ಅಂಗಿ ಬಿಚ್ಚಿ ಕುರ್ಚಿಯ ಹಿಂದಿನ ಗೂಟಕ್ಕೆ ಹಾಕಿ, ಮೇಲೆ ಟೋಪಿ ಸಿಕ್ಕಿಸುವುದು ಅವರ ರೂಢಿ. ಫಿಟ್ಟರಣ್ಣ ಅವರ ಮುಂದೆ ನಿಂತು ಪೊರೆಯಿಂದ ಹಿಡಿದು ತಂಗಿಯ ಮನೆಯ ಸುಳ್ಳಿನವರೆಗೆ ಎಲ್ಲ ಹೇಳಿದ. ಅವರು ಕೈಯಲ್ಲಿದ್ದ ಅಕ್ಕಿಯ ನುಚ್ಚು ಆರಿಸುತ್ತಲೇ ಕೇಳಿದರು.

"ನಂಗ ಗೊತ್ತಿತ್ತು ಬಿಡಲೇ," ಎಂದರು.

"ಯಾರು ಹೇಳಿದ್ರು ಸಾಹುಕಾರ್ರ?"

"ನೀನ ಹೇಳ್ತಿದ್ದಿ, ದಿನಾ ಮುಂಜಾನಿ." ಅವರು ಗದ್ದದಿಂದಲೇ ಕುರ್ಚಿಯ ಕಡೆ ತೋರಿಸಿದರು. "ಎರಡು ವರ್ಷದಿಂದ ನೀ ಒಳಗ ಬಂದು ನಮಸ್ಕಾರ ಮಾಡಿದ್ದು ಆ ಅಂಗಿಗೆ. ನಾ ಇಲ್ಲೇ ಕುಂತು ನೋಡ್ತಿದ್ದೆ."

ಫಿಟ್ಟರಣ್ಣ ಕುರ್ಚಿಯ ಕಡೆ ತಿರುಗಿದ. ಟೋಪಿ ಹಾಕಿಕೊಂಡ ಅಂಗಿ ಫ್ಯಾನಿನ ಗಾಳಿಗೆ ಹೌದು ಹೌದು ಎಂದು ಅಲ್ಲಾಡುತ್ತಿತ್ತು.

"ಮತ್ತ ರಜಾ?"

"ರಜಾ ಕೊಟ್ಟಿದ್ದೂ ಆ ಅಂಗೀನ."

ಯಾಕೆ ಮೊದಲೇ ಹೇಳಲಿಲ್ಲ ಎಂದು ನಾನು ಕೇಳಿದೆ. ಹೇಳಿದ್ದರೆ ಇವನು ನಾಚಿಕೆಯಿಂದ ಮನೆಗೆ ಹೋಗಿ ಕೂರುತ್ತಿದ್ದ, ನನಗೆ ಫಿಟ್ಟರ್ ಬೇಕಿತ್ತು, ಎಂದಾದರೂ ಬಾಯಿಬಿಟ್ಟಾನೆಂದು ಕಾಯುತ್ತಿದ್ದೆ ಎಂದರು ಸಾಹುಕಾರರು. ಆಮೇಲೆ ಮೂರನೇ ನಂಬರಿನ ಮಷಿನ್ ನಿನ್ನೆಯಿಂದ ಸದ್ದು ಮಾಡುತ್ತಿದೆ, ನೋಡು ಹೋಗು ಎಂದು ಗದರಿದರು.

ಫಿಟ್ಟರಣ್ಣ ಬನಿಯನ್ನಿನಲ್ಲಿದ್ದ ಸಾಹುಕಾರರಿಗೆ ಬಗ್ಗಿ ನಮಸ್ಕಾರ ಮಾಡಿದ. ಕಣ್ಣೊರೆಸಿಕೊಳ್ಳುತ್ತಾ ಮಷಿನ್ ಕಡೆ ಹೊರಟವನು ಅರ್ಧ ದಾರಿಯಲ್ಲಿ ನಿಂತು, ತಿರುಗಿ ಬಂದು, ಗೂಟದ ಅಂಗಿಗೂ ಕೈಮುಗಿದ. ನಾನು ಹುಬ್ಬೇರಿಸಿದ್ದನ್ನು ನೋಡಿ ಸಂಕೋಚದಿಂದ ಹೇಳಿದ:

"ಎರಡು ವರ್ಷ ಒಂದು ದಿನಾನೂ ಇಲ್ಲ ಅನ್ನದ ರಜಾ ಕೊಟ್ಟೈತ್ರಿ ಸಾರ್. ಈಗ ಕಣ್ಣು ಬಂತಂತ ಮಾತಾಡಿಸದ ಹೋಗಾಕ ಮನಸ್ಸಾಗವಲ್ದು."