ನಾಲ್ಕನೆಯ ನಿಮಿಷದ ಸ್ವರ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಕೊಳಲಿನ ಒಂದೇ ಒಂದು ಸ್ವರ.

ಹಾರ್ಮೋನಿಯಂ ರಿಪೇರಿ ಮಾಡುವ ಶ್ರುತಿಯಣ್ಣನಿಗೆ ಹತ್ತು ದಿನದಿಂದ ನಿದ್ದೆ ಇರಲಿಲ್ಲ. ಶ್ರುತಿಯಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಹೆತ್ತವರು ಇಟ್ಟದ್ದು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಹಾಸಿಗೆಯಲ್ಲಿ ಸಂಗೀತ ಕೇಳಿದರೆ ನಿದ್ದೆ ತಾನಾಗಿ ಬರುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಹತ್ತು ದಿನದ ಹಿಂದೆ ಹೆಂಡತಿ ಫೋನಿನಲ್ಲಿ ಕೊಳಲು ಹಾಕಿ ಅವನ ಕಿವಿಗೆ ಇಯರ್‌ಫೋನು ಸಿಕ್ಕಿಸಿದ್ದಳು. ಕೊಳಲು ಚೆನ್ನಾಗಿಯೇ ಇತ್ತು. ಆದರೆ ನಾಲ್ಕನೆಯ ನಿಮಿಷದಲ್ಲಿ ಒಂದು ನಿಷಾದ ಸ್ವರ ಕೂದಲೆಳೆಯಷ್ಟು ಕೆಳಗಿತ್ತು. ಶ್ರುತಿಯಣ್ಣ ಎದ್ದು ಕೂತ. ಆಮೇಲೆ ಅವನು ಕೊಳಲನ್ನು ಕೇಳಲಿಲ್ಲ, ಆ ನಿಷಾದಕ್ಕಾಗಿ ಕಾದ. ಹತ್ತೂ ರಾತ್ರಿ ಅದು ಬೆಳಗಿನ ತನಕ ಸುತ್ತಿ ಸುತ್ತಿ ಬಂತು, ಒಂದು ಸಲವೂ ನೆಟ್ಟಗೆ ಬರಲಿಲ್ಲ.

"ಊದಿದವರು ಆರಾಮಾಗಿ ಗೊರಕೆ ಹೊಡೀತಿರ್ತಾರೆ. ನೀವು ಅವರ ತಪ್ಪಿಗೆ ಕಾವಲು ಕೂತಿದೀರಿ" ಎಂದಳು ಹೆಂಡತಿ, ಹತ್ತನೆಯ ದಿನ ಬೆಳಗ್ಗೆ ಕಾಫಿ ಕೊಡುತ್ತ.

ಅಂಗಡಿಯಲ್ಲಿ ಸಂಗೀತ ಶಾಲೆಯ ಹನ್ನೆರಡು ಹಾರ್ಮೋನಿಯಂಗಳು ಸಾಲಾಗಿ ಕೂತಿದ್ದವು. ನಾಲ್ಕು ಮುಗಿದಿದ್ದವು, ಉಳಿದ ಎಂಟಕ್ಕೆ ನಾಳೆ ಸಂಜೆಯೇ ಗಡುವು. ಶ್ರುತಿಯಣ್ಣ ಐದನೆಯದರಲ್ಲಿ ಸ್ವರ ಹೊರಡಿಸುವ ಹಿತ್ತಾಳೆ ರೀಡು ತೆಗೆದು ಅರದಿಂದ ಮೆಲ್ಲಗೆ ಕೆರೆಯತೊಡಗಿದ. ಕೈ ಹಿಡಿತ ತಪ್ಪಿ ಅರ ಜಾರಿತು. ರೀಡು ಟಪ್ಪನೆ ಮುರಿಯಿತು. ಗ್ರಹಚಾರಕ್ಕೆ ಅದೇ ಹೊತ್ತಿಗೆ ಸಂಗೀತ ಶಾಲೆಯ ಮೇಡಂ ಹೊಸ್ತಿಲ ಮೇಲೆ ನಿಂತಿದ್ದರು.

"ಈ ಕೈಯಲ್ಲಿ ಇನ್ನೊಂದನ್ನ ಮುಟ್ಟಬೇಡಿ" ಎಂದರು ಅವರು. "ಹೋಗಿ ನಿದ್ದೆ ಮಾಡಿ. ನಾಳೆ ಬೆಳಗ್ಗೆ ಬರ್ತೀನಿ. ಕೈ ಹೀಗೇ ಇದ್ರೆ ಎಲ್ಲಾನೂ ಮಾರ್ಕೆಟ್ ರಸ್ತೆಯವನಿಗೆ ಕೊಟ್ಟುಬಿಡ್ತೀನಿ."

ಮಾರ್ಕೆಟ್ ರಸ್ತೆಯವನು ಶ್ರುತಿಯಣ್ಣನ ಹಳೆಯ ಶಿಷ್ಯ. ವಿದ್ಯೆ ಅರ್ಧಕ್ಕೇ ಬಿಟ್ಟು ಅಂಗಡಿ ಇಟ್ಟವನು, ಸ್ವರಕ್ಕೂ ಕುಕ್ಕರ್ ಸೀಟಿಗೂ ವ್ಯತ್ಯಾಸ ತಿಳಿಯದವನು. ಅವನ ಕೈಗೆ ಈ ಪೆಟ್ಟಿಗೆಗಳು ಹೋಗುವುದನ್ನು ನೆನೆದೇ ಶ್ರುತಿಯಣ್ಣ ಅರ ಕೆಳಗಿಟ್ಟ.

ಎದುರಿನ ಕ್ಷೌರದಂಗಡಿಯವನು ಕಿವಿಗೆ ಬಿದ್ದ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಪೈಕಿ ಅಲ್ಲ. ಗಿರಾಕಿಯ ಅರ್ಧ ಗಡ್ಡಕ್ಕೆ ಸೋಪು ಹಚ್ಚಿ ಬಿಟ್ಟು ಓಡಿ ಬಂದ. ಹಿಂದೆಯೇ ನಿವೃತ್ತ ಪೋಸ್ಟ್‌ಮ್ಯಾನ್ ತಾತ ತಮ್ಮ ಹಳೆಯ ರೇಡಿಯೊ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಇಬ್ಬರೂ ಸೇರಿ ಶ್ರುತಿಯಣ್ಣನನ್ನು ಬೆಂಚಿನ ಮೇಲೆ ಮಲಗಿಸಿದರು.

"ತಬಲಾ ಕೇಳು. ಎರಡೇ ನಿಮಿಷ, ಕಣ್ಣು ಮುಚ್ಚುತ್ತೆ" ಎಂದ ಕ್ಷೌರದವನು, ಫೋನು ಹಿಡಿದು.

"ತಾಳ ಅರ್ಧ ಮಾತ್ರೆ ಮುಂದೆ ಓಡ್ತಿದೆ ಕಣೋ" ಎಂದ ಶ್ರುತಿಯಣ್ಣ.

ತಾತ ರೇಡಿಯೊ ತಿರುಗಿಸಿದರು. ಪಿಟೀಲು ಬಂತು. ಎರಡನೆಯ ತಂತಿ ಸಡಿಲವಾಗಿತ್ತು. ಹೆಂಡತಿ ಅಂಗಡಿಯ ಹಿಂದಿನ ಮನೆಯಿಂದ ಓಡಿ ಬಂದು ತನ್ನ ಫೋನಿನಲ್ಲಿ ಮಳೆಯ ಸದ್ದು ಹಾಕಿದಳು. ಶ್ರುತಿಯಣ್ಣ ಕಣ್ಣು ಮುಚ್ಚಿ ಕೇಳಿದ. ಎಲ್ಲರೂ ಉಸಿರು ಬಿಗಿಹಿಡಿದರು.

"ಇದು ನಿಜವಾದ ಮಳೆ ಅಲ್ಲ" ಎಂದ ಅವನು. "ಅದೇ ಹನಿಗಳು ಮತ್ತೆ ಮೊದಲಿಂದ ಬೀಳ್ತಿವೆ."

"ಮಳೇಲೂ ತಪ್ಪು ಹುಡುಕ್ತೀಯಲ್ಲೋ ಮಾರಾಯ" ಎಂದರು ತಾತ, ಆಕಳಿಸುತ್ತ.

ಹೆಂಡತಿ ಸೋತು ಒಳಗೆ ಹೋದಳು. ಹತ್ತು ನಿಮಿಷದಲ್ಲಿ ತಾತ ಹಾರ್ಮೋನಿಯಂ ಮೇಲೆ ತಲೆ ಇಟ್ಟಿದ್ದರು. ಕ್ಷೌರದವನು ಗೋಡೆಗೆ ಒರಗಿದ್ದ. ಅವನನ್ನು ಹುಡುಕಿಕೊಂಡು ಬಂದ ಅರ್ಧ ಗಡ್ಡದ ಗಿರಾಕಿಯೂ ಬಾಗಿಲಲ್ಲೇ ಕುಸಿದು ಗೊರಕೆ ಶುರು ಮಾಡಿದ. ಬೀದಿಗೆ ಬೀದಿಯೇ ಮಲಗಿದಂತಿತ್ತು. ಎಚ್ಚರ ಇದ್ದವನು ರೋಗಿ ಒಬ್ಬನೇ, ಮೂರು ಗೊರಕೆಗಳಲ್ಲಿ ಯಾವುದು ಶ್ರುತಿ ಬಿಟ್ಟಿದೆ ಎಂದು ಲೆಕ್ಕ ಹಾಕುತ್ತ.

ಆಗ ಮಹಡಿಯ ಮೇಲಿಂದ ಸದ್ದು ಬಂತು. ಕಟಕಟ ಕಟಕಟ ಕಿರ್ರ್. ಕಟಕಟ ಕಟಕಟ ಕಿರ್ರ್. ನಿನ್ನೆಯಷ್ಟೇ ಮೇಲೆ ಬಾಡಿಗೆಗೆ ಬಂದಿದ್ದ ಟೈಲರಕ್ಕ ಹೊಲಿಗೆ ಮೆಷೀನು ಶುರು ಮಾಡಿದ್ದಳು. ಅದರಲ್ಲಿ ರಾಗವಿಲ್ಲ, ತಾಳವಿಲ್ಲ, ತಿದ್ದಲು ಏನೂ ಇಲ್ಲ. ಶ್ರುತಿಯಣ್ಣನ ಕಿವಿಗೆ ಮೊದಲ ಬಾರಿ ಕೆಲಸ ತಪ್ಪಿತು. ಎರಡು ಗಂಟೆ ಅವನು ಕೊರಡಿನಂತೆ ಮಲಗಿದ.

ಎದ್ದಾಗ ಟೈಲರಕ್ಕ ಸಂಕೋಚದಿಂದ ಎದುರು ನಿಂತಿದ್ದಳು. "ಸದ್ದು ಜಾಸ್ತಿ ಆಯ್ತಾ ಅಣ್ಣ? ಹಳೇ ಮನೇಲಿ ಈ ಸದ್ದಿಗೇ ಖಾಲಿ ಮಾಡಿಸಿದ್ರು."

"ತಾಯೀ, ರಾತ್ರಿನೂ ಹೊಲೀತೀಯಾ?" ಎಂದ ಶ್ರುತಿಯಣ್ಣ ಕೈಮುಗಿದು.

ಅವಳಿಗೆ ಕಣ್ಣಲ್ಲಿ ನೀರೇ ಬಂತು. "ನಲವತ್ತು ಯೂನಿಫಾರಂ ಬಾಕಿ ಇದೆ. ಬೈತೀರೇನೋ ಅಂತ ಹೆದರಿದ್ದೆ. ಆದ್ರೆ ಪೆಡಲ್ ತುಂಬಾ ಬಿಗಿ ಅಣ್ಣ, ತುಳಿದೂ ತುಳಿದೂ ಮಂಡಿ ಸೋತುಹೋಗಿದೆ."

ಆ ಎರಡು ಗಂಟೆಯ ನಿದ್ದೆಗೇ ಶ್ರುತಿಯಣ್ಣನ ಕೈ ಹಿಡಿತಕ್ಕೆ ಬಂತು. ಸಂಜೆಯೊಳಗೆ ಎರಡು ಪೆಟ್ಟಿಗೆ ಮುಗಿಸಿ ಸೀಟಿ ಹೊಡೆಯುತ್ತ ಮನೆಯೊಳಗೆ ಬಂದ. ಟೈಲರಕ್ಕ ನೂಲು ತರಲು ಹೋಗುವಾಗ ಬೀಗದ ಕೈ ಇವರ ಮನೆಯಲ್ಲೇ ಕೊಟ್ಟು ಹೋಗಿದ್ದಳು. ಆ ಹೊತ್ತಿನಲ್ಲಿ ಅರ್ಧ ಗಂಟೆ ಕಾಣೆಯಾಗಿದ್ದ ಗಂಡ ಕೈ ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಬಂದಾಗ ಹೆಂಡತಿ, "ಮೇಲೇನು ಕೆಲಸ?" ಎಂದಳು.

"ಉಪಕಾರ ಮಾಡೋರಿಗೆ ಪ್ರತಿಯಾಗಿ ಏನಾದ್ರೂ ಮಾಡಬೇಡವೇನೇ?" ಎಂದು ಅವನು ಮೀಸೆಯಲ್ಲೇ ನಕ್ಕ.

ರಾತ್ರಿ ಅವನು ಸಂಭ್ರಮದಿಂದ ಹಾಸಿಗೆ ಸೇರಿದ. ಪಕ್ಕದಲ್ಲಿ ಹೆಂಡತಿ ಅದೇ ಇಯರ್‌ಫೋನನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡು ಆಗಲೇ ನಿದ್ದೆ ಹೋಗಿದ್ದಳು. ಅವನು ಕಣ್ಣು ಮುಚ್ಚಿ ಮೇಲಿನ ಸದ್ದಿಗೆ ಕಾದ. ಹತ್ತು ಗಂಟೆಯಾಯಿತು. ಹತ್ತೂವರೆಯಾಯಿತು. ಕಟವೂ ಇಲ್ಲ, ಕಿರ್ರೂ ಇಲ್ಲ. ತಾಳಲಾರದೆ ಎದ್ದು ಮೆಟ್ಟಿಲ ಬುಡದಲ್ಲಿ ನಿಂತು, "ಅಕ್ಕಾ, ಇನ್ನೂ ಶುರು ಮಾಡಲಿಲ್ವಾ?" ಎಂದು ಕೂಗಿದ.

ಮೇಲಿನ ಕಿಟಕಿಯಿಂದ ಟೈಲರಕ್ಕನ ನಗುಮುಖ ಇಣುಕಿತು.

"ಆಗಲೇ ಆರು ಅಂಗಿ ಆಯ್ತು ಅಣ್ಣ. ಎಣ್ಣೆ ಬಿಟ್ಟು ಸ್ಕ್ರೂ ಬಿಗಿ ಮಾಡಿದ್ದು ನೀವೇ ಅಂತ ಗೊತ್ತಾಯ್ತು. ಏನು ಕೈಗುಣ ನಿಮ್ಮದು, ಒಂಚೂರೂ ಸದ್ದಿಲ್ಲ. ಇನ್ಮೇಲೆ ಬೆಳಗಿನ ತನಕ ಹೊಲಿದ್ರೂ ನಿಮಗೆ ತೊಂದರೆ ಇಲ್ಲ. ಆರಾಮಾಗಿ ಮಲಗಿ."

ಶ್ರುತಿಯಣ್ಣ ಬಂದು ಹಾಸಿಗೆಯ ಮೇಲೆ ಕೂತ. ಮನೆ ಗಪ್‌ಚಿಪ್ ಆಗಿತ್ತು. ಆ ನಿಶ್ಶಬ್ದದಲ್ಲಿ ಹೆಂಡತಿಯ ಕಿವಿಯಿಂದ ಸಣ್ಣಗೆ ಕೊಳಲು ಕೇಳಿಸತೊಡಗಿತು. ಬೇಡ ಬೇಡವೆಂದರೂ ಅವನು ನಿಮಿಷ ಎಣಿಸಿದ. ಒಂದು, ಎರಡು, ಮೂರು.